ಉಪ್ಪಿನ ಸುತ್ತ ಸಿಂಬೆ

ಹೆಮ್ಮಿಗೆ
14-9-1998

ಚಿರಂಜೀವಿ ಶಿವರಂಜನಿಗೆ,

ನೆಟ್ಟಗೆ ಕೂತು ಓದು, ಆ ಲ್ಯಾಬಿನ ಬುಡ್ಡಿಗಳ ಮುಂದೆ ನಿಂತು ಓದಬೇಡ. ನಾಲ್ಕು ಪುಟ ಬರೆದವಳು ಉಂಡೆಯೋ ಇಲ್ಲವೋ ಅಂತ ಒಂದು ಸಾಲು ಬರೆಯಲಿಲ್ಲವಲ್ಲ! ನಾನೂ ಉತ್ತರ ತಡ ಮಾಡಿದೆ, ಬೈಯಬೇಡ. ಮೂರನೆಯ ಕ್ಲಾಸು ಓದಿದ ನನಗೆ ಅಕ್ಷರ ಕೂಡಿತು, ಅರ್ಥ ಕೂಡಲಿಲ್ಲ.

ಕಡೆಗೆ ಮರಿಸ್ವಾಮಿ ಮೇಷ್ಟ್ರ ಕೈಗೆ ನಿನ್ನ ಕಾಗದ ಕೊಟ್ಟು ಜಗಲಿಯಲ್ಲಿ ಕೂರಿಸಿದೆ. "ಬೋರಾನು ಅಂತ ಒಂದು ವಸ್ತು ಕಣವ್ವ. ಅದ್ರ ಕಣಗಳು ಸೇರಿ ಪಂಜರ ಆಯ್ತವೆ. ನಿನ್ ಮೊಮ್ಮಗಳು ಪಂಜರಕ್ಕೆ ಪಂಜರ ಜೋಡ್ಸಿ ಬಳೆ ಮಾಡವ್ಳೆ" ಅಂದರು.

"ಎಷ್ಟು ದಪ್ಪ?"

"ಒಂದು ಕೂದ್ಲೆಳೆ ಅಗಲಕ್ಕೆ ಸಾವಿರಾರು ಬಳೆ ಸಾಲಾಗಿ ಕೂತ್ಕತವೆ."

"ಸುಳ್ಳು ಒದರ್ಬ್ಯಾಡಿ ಮೇಷ್ಟ್ರೇ" ಅಂದೆ. ಅವರು ನಗಲಿಲ್ಲ. ನಾನು ತಲೆಯಿಂದ ಒಂದು ಕೂದಲೆಳೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದೆ.

ಪಂಜರಗಳು ಸರಪಳಿಯಂತೆ ಉದ್ದಕ್ಕೆ ಹೋದವೇ ಹೊರತು ದುಂಡಗೆ ಕೂಡಲಿಲ್ಲವಂತೆ. ಆಗ ನಿನಗೆ ಮಡಕೆ ಉರುಳದಂತೆ ಕೂರಿಸುವ ನನ್ನ ಹುಲ್ಲಿನ ಸಿಂಬೆ ನೆನಪಾಯಿತಂತೆ. ಸೋಸಲೆಯಿಂದ ಸೊಸೆಯಾಗಿ ಬಂದ ನಿನ್ನವ್ವ ಬರಿಗೈಯಲ್ಲಿ ಸುತ್ತಿ ಸೊಟ್ಟಗೆ ಮಾಡುತ್ತಿದ್ದಳು. ನಾನು ಮೊದಲು ಮಡಕೆ ಇಟ್ಟು, ಅದರ ತಳಕ್ಕೆ ಹುಲ್ಲು ಸುತ್ತುತ್ತಿದ್ದೆ. ನೀನು ಮಡಕೆಯ ಬದಲು ಉಪ್ಪಿನೊಳಗಿನ ಒಂದು ಕಣವನ್ನು ನಡುವೆ ಇಟ್ಟೆಯಂತೆ. ಪಂಜರಗಳು ತಾವೇ ಬಂದು ಅದರ ಸುತ್ತ ಕೈಹಿಡಿದು ಕೂತವಂತೆ. ಕಣ್ಣಿಲ್ಲ, ಕಿವಿಯಿಲ್ಲ, ಯಾರು ಹೇಳಿಕೊಟ್ಟರೇ ಅವಕ್ಕೆ?

ಅವತ್ತು ಸಾರಿಗೆ ಉಪ್ಪು ಹಾಕಲು ಹೋದ ಕೈ ತಡೆಯಿತು. ಚಿಟಿಕೆ ಉಪ್ಪನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ನಿಂತೆ. ಸಾರು ಉಕ್ಕಿ ಒಲೆ ಆರಿತು. "ಯಾಕತ್ತೆ, ಉಸಾರಿಲ್ವಾ?" ಅಂತ ನಿನ್ನವ್ವ ಓಡಿಬಂದಳು.

ಎರಡು ವರ್ಷ ಕೂಡಿಟ್ಟಿದ್ದ ಪಂಜರದ ಪುಡಿಯ ಬುಡ್ಡಿಯನ್ನು ಹೋದ ಸಲ ಊರಿಗೆ ಬರುವಾಗ ಬಸ್ಸಿನಲ್ಲಿ ಕಳೆದುಕೊಂಡ ದಡ್ಡಿ ನಾನು ಅಂತ ಬರೆದಿದ್ದೀಯ. ಇನ್ನೊಂದು ಸಲ ಹಾಗೆ ಬರೆದರೆ ನೋಡು.

ನಿನ್ನ ಕೈಗುಣ ಹೆಚ್ಚಲಿ, ಹೊತ್ತುಹೊತ್ತಿಗೆ ಅನ್ನ ಸಿಗಲಿ.

ನಿನ್ನ ಅಜ್ಜಿ,
ಗುರುಸಿದ್ದಮ್ಮ

ತಾ.ಕ.: ಆ ಬುಡ್ಡಿ ಬಸ್ಸಿನಲ್ಲಿ ಕಳೆಯಲಿಲ್ಲ. ಗಂಡಿನವರು ನೋಡಿಹೋದ ದಿನ ನೀನು ಅತ್ತು ಮಲಗಿದ್ದೆ. ನಿನ್ನ ಚೀಲದಲ್ಲಿ ಬಿಳಿ ಪುಡಿಯ ಬುಡ್ಡಿ ಕಂಡಿತು. ನಿನ್ನ ಸೋದರತ್ತೆ ರುದ್ರಾಣಿ ಜ್ವರದಲ್ಲಿ ಹೋದಳು ಅಂತ ಹೇಳಿದ್ದೆವಲ್ಲ, ಅದು ಸುಳ್ಳು. ಒಲ್ಲದ ಗಂಡನ್ನು ನಾನು ಗೊತ್ತು ಮಾಡಿದ ವಾರ ಅಂಥದೇ ಬಿಳಿ ಪುಡಿ ನುಂಗಿದಳು. ಅದಕ್ಕೇ ನಿನ್ನ ಬುಡ್ಡಿಯನ್ನು ಹಿತ್ತಲಲ್ಲಿ ಹೂತೆ. ನೀನು ಹುಡುಕಿ ಹುಡುಕಿ ಅಳುವಾಗ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ರುದ್ರಾಣಿಯದನ್ನೂ ಹೇಳಬೇಕಿತ್ತು. ಮೊನ್ನೆ ಅಗೆದು ತೆಗೆದೆ. ಮುಚ್ಚಳ ಭದ್ರವಾಗಿದೆ. ತೊಳೆದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಬೈದಾದರೂ ಬರಿ, ಮುಂದಿನ ತಿಂಗಳು ಹುಟ್ಟುವುದರೊಳಗೆ ಬರಿ.