ಎಂಜಿನ್ನಿನ ಬಾಯಿಗೆ ಹಲ್ಲು

ಅಪ್ಪಾ,

ನೀನು ಇದನ್ನು ಓದುವುದಿಲ್ಲ, ಗೊತ್ತು. ಇದ್ದಾಗಲೂ ನನ್ನ ಮಾತು ಕೇಳಿದವನಲ್ಲ. ಆದರೂ ಹೇಳುತ್ತೇನೆ: ಇವತ್ತು ನಾನು ಗೆದ್ದೆ.

ಶಬ್ದವನ್ನೂ ಮೀರಿದ ವೇಗದಲ್ಲಿ ಜೆಟ್ ಎಂಜಿನ್ನಿನ ಬಿಸಿಗಾಳಿ ಹೊರನುಗ್ಗುತ್ತದಲ್ಲ, ಆ ಬಾಯಿಯ, ಅಂದರೆ ನಾಝಲ್ಲಿನ, ಅಂಚಿಗೆ ಗರಗಸದಂತೆ ಹಲ್ಲು ಕೊರೆಸಿದ್ದೆ. ಹಲ್ಲುಗಳು ಬಿಸಿಗಾಳಿಯನ್ನು ಹೊರಗಿನ ಗಾಳಿಯೊಂದಿಗೆ ಬೇಗ ಬೆರೆಸಿದರೆ ಕಿರುಚಾಟ ಅಡಗುತ್ತದೆ ಎಂಬುದು ನನ್ನ ವಾದ. "ಎಂಜಿನ್‌ಗೆ ಹಲ್ಲು ಕಟ್ಟಿಸ್ತೀಯಾ? ಅದು ಗುಡುಗಬೇಕು ಕಣೇ, ಗುಡುಗಿದ್ರೇ ಶಕ್ತಿ" ಎಂದು ನಕ್ಕಿದ್ದೆ ನೀನು. ಎಂಜಿನ್ ಪರೀಕ್ಷಿಸುತ್ತಲೇ ಎರಡೂ ಕಿವಿ ಕಳೆದುಕೊಂಡವನ ಮಾತು ನೋಡು!

ನಿನ್ನ ಹಳೆಯ ಪರೀಕ್ಷಾ ಕೊಠಡಿಯಲ್ಲೇ ಆ ಎಂಜಿನ್ ಓಡಿಸಿದೆವು. ಕಿರುಚಾಟ ಅಡಗಿತು. ಗುಡುಗು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನೂಕುಬಲದ ಮಾಪಕದ ಮುಳ್ಳು ಇಳಿದದ್ದು ಕೂದಲೆಳೆಯಷ್ಟೇ. ನಿನ್ನ ಜೊತೆಗಾರ ಫೋರ್‌ಮನ್ ಮಾಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇನ್ನು ನಿನ್ನ ಜಾಗದಲ್ಲಿ ನಿಲ್ಲುವವರಿಗೆ ಮನೆಯಲ್ಲಿ ಮಕ್ಕಳ ಪಿಸುಮಾತೂ ಕೇಳಬೇಕು. ಅಷ್ಟೇ ನನ್ನ ಹಟ.

"ನೋಡಿದ್ಯಾ ಅಪ್ಪಾ! ಶಕ್ತಿ ಎಲ್ಲೂ ಹೋಗಿಲ್ಲ!" ಎಂದು ಕೂಗಿಬಿಟ್ಟೆ. ಎಂಜಿನ್ ಆಗಲೇ ನಿಂತಿತ್ತು. ಎಲ್ಲರೂ ಬೆಚ್ಚಿಬಿದ್ದರು.

"ಯಾಕಮ್ಮಾ ಇಷ್ಟು ಜೋರು? ಇಲ್ಲಿ ಎಲ್ಲರಿಗೂ ಕಿವಿ ಕೇಳತ್ತೆ" ಎಂದರು ಮಾಮ.

ಕೇಳಲಿ ಬಿಡು. ನಿನಗೆ ಕೇಳಲೆಂದು ಕೂಗಿ ಕೂಗಿ ಬೆಳೆದ ಗಂಟಲಿದು. ಸದ್ದಡಗಿಸಲು ಎಂಜಿನ್ನಿಗೆ ಹಲ್ಲು ಕಟ್ಟಿಸಿದ್ದೇನೆ. ಈ ಗಂಟಲಿಗೆ ಮಾತ್ರ ಕಟ್ಟಿಸುವುದಿಲ್ಲ.