ತಾಮ್ರದ ಪದರ, ಗೆಣಸಿನ ನಗೆ

ಸೆಂದಾಯ್
ನವೆಂಬರ್ 9, 2019

ಪ್ರೀತಿಯ ಸುಮಿಯೆ,

1987ರ ವಸಂತದ ಸಭೆಯಲ್ಲಿ ನಾನು ಸರಿಯಾಗಿ ಅಳೆದದ್ದನ್ನು ತಮಾಷೆ ಮಾಡಿ ಕಸಕ್ಕೆ ಹಾಕಿದರು. ಈಗ ನೀನು ಸಂಪಾದಿಸಿದ ನಮ್ಮ ಭೌತಶಾಸ್ತ್ರ ವಿಭಾಗದ ಶತಮಾನೋತ್ಸವದ ಪುಸ್ತಕ ಆ ತಮಾಷೆಯನ್ನು ಮತ್ತೆ ಅಚ್ಚು ಹಾಕಿದೆ. ಪುಸ್ತಕ ಕೈಸೇರಿ ತಿಂಗಳಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಪರ್ಸಿಮನ್ ಹಣ್ಣು ಸುಲಿದು ಒಣಹಾಕುವ ಕೆಲಸವಿತ್ತು ಎಂದು ಸಬೂಬು ಹೇಳಬಹುದು. ನಿಜವೆಂದರೆ, ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ನಿನ್ನ ಮಂಡಿನೋವು ಹೇಗಿದೆ?

ಮಗಳು ನವೋಕೊ ಊಟದ ಮೇಜಿನಲ್ಲಿ ಪುಸ್ತಕ ತಿರುವುತ್ತಾ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಇಲ್ಲೊಬ್ಬಳು ‘ಗೆಣಸಿನ ಪದರ’ದ ವಿದ್ಯಾರ್ಥಿನಿ ಇದಾಳೆ ನೋಡು. ಯಾರಮ್ಮ ಈ ಪುಣ್ಯಾತ್ಗಿತ್ತಿ?”

“ನಾನೇ ಕಣೇ,” ಎಂದೆ.

ಅವಳ ನಗು ನಿಂತಿತು. “ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ?”

ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ; ಆದರೂ ಅಚ್ಚಿಗೆ ಅನುಕೂಲವಾಗಲಿ.

ಕೋಬಾಲ್ಟಿನ ಎರಡು ತೆಳು ಪದರ, ನಡುವೆ ತಾಮ್ರ. ತಾಮ್ರ ದಪ್ಪವಾದಂತೆ ಕೋಬಾಲ್ಟ್ ಪದರಗಳ ಕಾಂತೀಯ ನಂಟು ಸುಮ್ಮನೆ ಸವೆಯುತ್ತಾ ಹೋಗುತ್ತದೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ನನಗೆ ಕಂಡದ್ದು ಬೇರೆ. ಒಂದು ದಪ್ಪದಲ್ಲಿ ಎರಡೂ ಪದರಗಳ ಕಾಂತತೆ ಒಂದೇ ದಿಕ್ಕಿಗೆ ಮುಖ ಮಾಡುತ್ತಿತ್ತು. ತಾಮ್ರದ ಪರಮಾಣುಗಳ ಕೆಲವೇ ಸಾಲು ಹೆಚ್ಚಿಸಿದರೆ ಒಂದಕ್ಕೊಂದು ವಿರುದ್ಧ. ಇನ್ನಷ್ಟು ಹೆಚ್ಚಿಸಿದರೆ ಮತ್ತೆ ಒಂದೇ ದಿಕ್ಕು.

ಸಭೆಯಲ್ಲಿ ನಾನು ಈ ಏರಿಳಿತ ತೋರಿಸಿದಾಗ ನಮ್ಮ ಕುನಿಮಿ ಮೇಷ್ಟ್ರು ಎದ್ದರು. “ಇತ್ಸುಕೊ ಅವರ ತಾಮ್ರ ಯಾಕೆ ಹೀಗೆ ಕುಣೀತಿದೆ ಗೊತ್ತಾ? ಯಂತ್ರದ ಮೇಲೆ ಗೆಣಸು ಬೇಯಿಸ್ತಾರೆ! ಅದರ ಹಬೆ ಹೊಡೆದಿದೆ, ಅಷ್ಟೆ.”

ಗೆಣಸು ಇದ್ದದ್ದು ನಿಜ. ಪದರ ಕೂರಿಸುವ ಮುಂಚೆ, ಒಳಗಿನ ತೇವ ಹೋಗಲೆಂದು ಯಂತ್ರದ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕಾಯಿಸುತ್ತಿದ್ದೆವು. ಆ ಹಾಳೆಯ ಮಡಿಕೆಯಲ್ಲಿ ಗೆಣಸು ಸಿಕ್ಕಿಸಿದವಳು ನೀನು. “ಇಷ್ಟು ಕಾವು ಸುಮ್ನೆ ಯಾಕೆ ಹಾಳಾಗ್ಬೇಕು ಹೇಳು,” ಅಂದೆ. ಬೆಂದ ಮೇಲೆ ಮುರಿದು ದೊಡ್ಡ ತುಂಡನ್ನು ನನಗೆ ಕೊಟ್ಟೆ. ಅಷ್ಟು ಸಿಹಿ ಗೆಣಸನ್ನು ನಾನು ಮತ್ತೆ ತಿಂದಿಲ್ಲ.

ಆದರೆ ಅದು ಉಕ್ಕಿನ ಹೊರಗಿತ್ತು. ಹಬೆ ಒಳಹೋಗುವಂತಿದ್ದರೆ ಗಾಳಿಯೂ ಹೋಗುತ್ತಿತ್ತು, ಪದರವೇ ಸರಿಯಾಗಿ ಕೂರುತ್ತಿರಲಿಲ್ಲ. ಇರಲಿ, ಕೊಳೆ ಸೇರಿತ್ತೆಂದೇ ಇಟ್ಟುಕೋ. ಕೊಳೆಯಿಂದ ಕೆಟ್ಟದ್ದು ಕೆಡುತ್ತಾ ಹೋಗಬೇಕು. ಕೆಟ್ಟು, ಸರಿಹೋಗಿ, ಲೆಕ್ಕ ತಪ್ಪದೆ ಮತ್ತೆ ಕೆಡಿಸುವ ಕೊಳೆ ಲೋಕದಲ್ಲಿ ಎಲ್ಲಿದೆ? ಗೆಣಸಿಲ್ಲದೆ ಮತ್ತೊಮ್ಮೆ ಮಾಡಿದೆ. ಅದೇ ಏರಿಳಿತ. ಮೇಷ್ಟ್ರು ಗ್ರಾಫನ್ನು ನೋಡದೆ ಮಡಚಿ ಹಿಂದಕ್ಕೆ ಕೊಟ್ಟರು.

ಕೆಲವೇ ವರ್ಷಗಳಲ್ಲಿ ಹೊರದೇಶದವರು ಅಂಥದ್ದೇ ಏರಿಳಿತ ಪ್ರಕಟಿಸಿದಾಗ ಅದೇ ಮೇಷ್ಟ್ರು “ಆಹಾ, ಎಂಥ ಸೊಗಸು ನೋಡಿ” ಎಂದು ಪಾಠ ಮಾಡಿದರಂತೆ. ಅಷ್ಟರಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಸೂಜಿಗಲ್ಲಿನ ಪಾಠ ಮಾಡುತ್ತಿದ್ದೆ. ಆ ಕೆಲಸವನ್ನೂ ಚೆನ್ನಾಗಿಯೇ ಮಾಡಿದೆ.

ಮೇಷ್ಟ್ರು ಈಗಿಲ್ಲ. ಸಂಪಾದಕಿ ನೀನಿದ್ದೀಯ. ಎರಡನೆಯ ಮುದ್ರಣ ಫೆಬ್ರವರಿಗಂತೆ. ತಮಾಷೆ ಬೇಕಿದ್ದರೆ ಉಳಿಯಲಿ. ಅದರ ಕೆಳಗೆ ನನ್ನ ಗ್ರಾಫ್ ನನ್ನ ಹೆಸರಿನೊಂದಿಗೆ ಬರಲಿ. ಪ್ರತಿ ಇದರೊಂದಿಗಿದೆ. ಒಂದು ಬಿಂದುವನ್ನೂ ಬದಲಿಸಬೇಕಾಗಿಲ್ಲ.

ಚಳಿ ಶುರುವಾಗಿದೆ, ಮಂಡಿ ಬೆಚ್ಚಗಿಟ್ಟುಕೋ. ಹಣ್ಣು ಒಣಗಿದ ಮೇಲೆ ಕಳಿಸುತ್ತೇನೆ. ನೀನೂ ಮೊಮ್ಮಕ್ಕಳೂ ಸುಖವಾಗಿರಿ.

ನಿನ್ನ
ಇತ್ಸುಕೊ

ತಾ.ಕ.: ಆ ಸಭೆಯಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಮೇಷ್ಟ್ರ ಮಾತು ಮುಗಿದಾಗ ಒಂದು ಕ್ಷಣ ಯಾರೂ ನಗಲಿಲ್ಲ. ನಾನು ನಿನ್ನ ಕಡೆ ತಿರುಗಿದೆ. ಗೆಣಸು ಹೊರಗಿತ್ತೆಂದು ನೀನೊಂದು ಮಾತು ಹೇಳಿದ್ದರೆ ಸಾಕಿತ್ತು. ಆಗ ಕೇಳಿಸಿದ ಮೊದಲ ನಗು ಹೆಣ್ಣುದನಿಯದು. ನಾನು ನಕ್ಕಿರಲಿಲ್ಲ. ನೀನು ಎಲ್ಲರೆದುರು ನಕ್ಕೆ, ಸುಮಿಯೆ. ಈಗ ಎಲ್ಲರೆದುರು ಹೇಳು: ಗೆಣಸು ಎಲ್ಲಿತ್ತು?