ಮೂರು ಗ್ರಂಥಾಲಯ ಸುತ್ತಿದ ನಿಘಂಟು

ತಮ್ಮನಿಗೆ ಅಣ್ಣನ ಆಶೀರ್ವಾದಗಳು. ಕ್ಷೇಮವಾಗಿ ತಲುಪಿದೆ, ಮಂಡಿನೋವು ಮಾತ್ರ ನನಗಿಂತ ಮೊದಲೇ ಮೆಟ್ಟಿಲೇರುತ್ತದೆ.

ಇಲ್ಲಿಯ ಮೂರು ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯಗಳ ವಿದ್ಯುನ್ಮಾನ ಪುಸ್ತಕಗಳನ್ನು ಒಂದೇ ಜಾಲತಾಣದಲ್ಲಿ ಸೇರಿಸಿವೆ. ಅದರ ಹೊಣೆ ನಿನ್ನ ಮಗಳದು. ಅವಳ ಕೆಲಸ ಕಾಯಂ ಆಗುವುದು ನಿನ್ನೆಯ ಉದ್ಘಾಟನೆಯನ್ನೇ ಅವಲಂಬಿಸಿತ್ತು. ಉದ್ಘಾಟನೆಗೆ ಬಂದ ಕುಲಪತಿಗಳು ಜಾಲತಾಣದಲ್ಲಿ ಒಂದು ನಿಘಂಟನ್ನು ಹುಡುಕಿದರು. ಮೊದಲ ಗ್ರಂಥಾಲಯವು ಎರಡನೆಯದನ್ನು ತೋರಿಸಿತು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ನೆರೆಯವರು ತರಿಸುತ್ತಾರೆಂದು ನಂಬಿ ಮೂವರೂ ಅದರ ಚಂದಾ ನಿಲ್ಲಿಸಿದ್ದರು!

“ದೊಡ್ಡಪ್ಪಾ, ನನ್ನ ಕತೆ ಮುಗೀತು,” ಎಂದು ನಿನ್ನ ಮಗಳು ಪಕ್ಕದಲ್ಲೇ ಕೂತಿದ್ದ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಕುಲಪತಿಗಳು ಚಪ್ಪಾಳೆ ತಟ್ಟಿದರು: “ಭೇಷ್ ಕಣಮ್ಮಾ! ಕೂತಲ್ಲೇ ಮೂರೂ ಲೈಬ್ರರಿ ಸುತ್ತಿ ಬಂದ್ಬಿಟ್ವಲ್ಲ!”

ಕೆಲಸ ಕಾಯಂ ಆಯಿತು. ಅವರು ಯಾವುದಾದರೊಂದು ಪದದ ಅರ್ಥ ಕೇಳುವ ಮೊದಲು, ಅಟ್ಟದ ಮೇಲಿರುವ ನನ್ನ ನಿಘಂಟನ್ನು ಅಂಚೆಗೆ ಹಾಕು. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.

ನಿನ್ನ ಅಣ್ಣ